ಸೋತವನ ಊರಿಗೆ ಬಂದ ಗೆದ್ದ ಎಂಜಿನ್

ಇಂಗ್ಲೆಂಡಿನ ಈಶಾನ್ಯಕ್ಕೆ, ಡರಮ್ ಸೀಮೆಯ ಕಲ್ಲಿದ್ದಲ ನೆಲದಲ್ಲಿ ಶಿಲ್ಡನ್ ಎಂಬ ಪುಟ್ಟ ಊರಿದೆ. ಅಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಎರಡು ಮುದಿ ಉಗಿ ಎಂಜಿನ್ನುಗಳಿವೆ. ಒಂದರ ಹೆಸರು ರಾಕೆಟ್. ಇನ್ನೊಂದು ಸಾನ್ಸ್ ಪರೇಲ್. ಫ್ರೆಂಚಿನಲ್ಲಿ ಅದರರ್ಥ ಸಾಟಿಯಿಲ್ಲದ್ದು. 1829ರ ಅಕ್ಟೋಬರಿನಲ್ಲಿ ಇವೆರಡೂ ಒಂದೇ ಹಳಿಯ ಮೇಲೆ ಪಂದ್ಯಕ್ಕಿಳಿದಿದ್ದವು. ರಾಕೆಟ್ ಗೆದ್ದಿತು. ಅದರ ಹೆಸರು ಜಗತ್ತಿನ ಎಲ್ಲ ಶಾಲಾಪುಸ್ತಕಗಳಿಗೂ ಹೋಯಿತು. ಸಾಟಿಯಿಲ್ಲದ್ದು ಎಂದು ಹೆಸರಿಟ್ಟುಕೊಂಡದ್ದು ಸೋತಿತು, ರೈಲಿನ ಚರಿತ್ರೆ ಓದುವವರ ಅಡಿಟಿಪ್ಪಣಿಗಳಲ್ಲಿ ಉಳಿಯಿತು.

ಲಂಡನ್ನಿನಲ್ಲಿ ನೂರೈವತ್ತು ವರ್ಷಕ್ಕೂ ಮಿಕ್ಕಿ ಇದ್ದ ರಾಕೆಟ್, ನ್ಯೂಕ್ಯಾಸಲ್, ಮ್ಯಾಂಚೆಸ್ಟರ್, ಯಾರ್ಕ್ ಎಂದು ಊರೂರು ಸುತ್ತಿ 2023ರಲ್ಲಿ ಶಿಲ್ಡನ್ನಿಗೆ ಬಂದು ನಿಂತಿತು. ಶಿಲ್ಡನ್ ಸೋತವನ ಊರು. ಸಾನ್ಸ್ ಪರೇಲ್ ಕಟ್ಟಿದ ತಿಮೊತಿ ಹ್ಯಾಕ್‌ವರ್ತ್ ದುಡಿದದ್ದು ಅಲ್ಲಿ, ಮಕ್ಕಳನ್ನು ಬೆಳೆಸಿದ್ದು ಅಲ್ಲಿ, 1850ರಲ್ಲಿ ಮಣ್ಣಾದದ್ದೂ ಅಲ್ಲೇ. ಅವನು ವಾಸವಿದ್ದ ಮನೆ ಈಗಲೂ ಅದೇ ಆವರಣದಲ್ಲಿದೆ.

ರಾಕೆಟ್ಟನ್ನು ಮೊದಲ ಸಲ ನೋಡುವವರಿಗೆ ಸ್ವಲ್ಪ ಗಲಿಬಿಲಿಯಾಗುತ್ತದೆ. ಚಿತ್ರಗಳಲ್ಲಿ ಕಾಣುವ ಹಳದಿ ಮೈ, ಬಿಳಿಯ ಉದ್ದ ಚಿಮಣಿ, ನಲವತ್ತು ಡಿಗ್ರಿಯ ಹತ್ತಿರಕ್ಕೆ ವಾಲಿಕೊಂಡ ಸಿಲಿಂಡರುಗಳು ಇಲ್ಲಿಲ್ಲ. ಇದು ಕಪ್ಪಾದ, ತೇಪೆ ಬಿದ್ದ, ಅಲ್ಲಲ್ಲಿ ಬರಿದಾದ ಕಬ್ಬಿಣ. ಸಿಲಿಂಡರುಗಳು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿವೆ. ಹಿಂದಿನ ತಾಮ್ರದ ಅಗ್ಗಿಷ್ಟಿಕೆ ಎಂದೋ ಕಳೆದುಹೋಗಿದೆ. ಪಂದ್ಯ ಗೆದ್ದ ದಿನದ ರಾಕೆಟ್ ಹೀಗಿರಲಿಲ್ಲ. ಮುಂದಿನ ಹತ್ತು ವರ್ಷ ಕೂಲಿಯಾಳಿನಂತೆ ದುಡಿದ ರಾಕೆಟ್ ಇದು. ಅದನ್ನು ಹೊಸ ಬಣ್ಣದಲ್ಲಿ ಮುಚ್ಚದೆ ಹೀಗೆಯೇ ಉಳಿಸಿದ್ದಕ್ಕೆ ನಾನು ಕೃತಜ್ಞ. ಕಬ್ಬಿಣದ ಮೇಲಿನ ಒಂದೊಂದು ತೂತು, ಒಂದೊಂದು ತೇಪೆ ಒಂದೊಂದು ವರ್ಷದ ದುಡಿಮೆಯ ಗುರುತು.

ಕಥೆಯ ಬೇರು ಮಾತ್ರ ಶಿಲ್ಡನ್ನಿನಲ್ಲಿಲ್ಲ. ಅದು ಟೈನ್ ನದಿಯ ದಂಡೆಯ ವೈಲಮ್ ಎಂಬ ಗಣಿಹಳ್ಳಿಯಲ್ಲಿದೆ. ಮುಂದೆ ರಾಕೆಟ್ ಕಟ್ಟಿದ ಮನೆತನದ ಜಾರ್ಜ್ ಸ್ಟೀಫನ್‌ಸನ್ 1781ರಲ್ಲಿ ಹುಟ್ಟಿದ್ದು ಅಲ್ಲಿ. ಅವನ ಅಪ್ಪ ಗಣಿಯ ನೀರೆತ್ತುವ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ನಾಲ್ಕು ಸಂಸಾರಗಳು ಹಂಚಿಕೊಂಡಿದ್ದ ಆ ಮನೆಯ ಬಾಗಿಲ ಮುಂದೆಯೇ ಕುದುರೆಗಳು ಕಲ್ಲಿದ್ದಲ ಬಂಡಿ ಎಳೆಯುವ ಮರದ ಹಳಿ ಹಾದುಹೋಗಿತ್ತು. ಜಾರ್ಜ್ ಅಕ್ಷರ ಕಲಿತದ್ದು ಹದಿನೆಂಟು ತುಂಬಿದ ಮೇಲೆ, ದುಡಿದ ದುಡ್ಡಿನಲ್ಲಿ ರಾತ್ರಿ ಪಾಠಕ್ಕೆ ಹೋಗಿ. ಐದು ವರ್ಷದ ಬಳಿಕ, 1786ರಲ್ಲಿ, ಅದೇ ವೈಲಮ್‌ನಲ್ಲಿ ಗಣಿಯ ಹಿರಿಯ ಕಮ್ಮಾರನ ಮಗನಾಗಿ ತಿಮೊತಿ ಹ್ಯಾಕ್‌ವರ್ತ್ ಹುಟ್ಟಿದ. ಮುಂದೆ ಎದುರುಬದುರಾಗಿ ಪಂದ್ಯಕ್ಕೆ ನಿಂತ ಎರಡು ಮನೆತನಗಳೂ ಒಂದೇ ಊರಿನ ನೀರು ಕುಡಿದಿದ್ದವು.

ಹಳಿಯ ಮೇಲೆ ಉಗಿ ಎಂಜಿನ್ ಓಡಿಸಿದ ಮೊದಲಿಗ ಇವರಿಬ್ಬರೂ ಅಲ್ಲ. ಕಾರ್ನ್‌ವಾಲ್‌ನ ರಿಚರ್ಡ್ ಟ್ರೆವಿಥಿಕ್ 1804ರ ಫೆಬ್ರುವರಿ 21ರಂದು ವೇಲ್ಸಿನ ಪೆನಿಡ್ಯಾರನ್ ಎಂಬಲ್ಲಿ ಹತ್ತು ಟನ್ ಕಬ್ಬಿಣವನ್ನೂ ಎಪ್ಪತ್ತು ಜನರನ್ನೂ ಸುಮಾರು ಒಂಬತ್ತೂಮುಕ್ಕಾಲು ಮೈಲಿ ಎಳೆದು ತೋರಿಸಿದ್ದ. ನಾಲ್ಕು ಗಂಟೆ ಐದು ನಿಮಿಷ ಹಿಡಿಯಿತು. ಎಂಜಿನ್ ಗೆದ್ದಿತು, ಹಳಿ ಸೋತಿತು: ಎರಕದ ಕಬ್ಬಿಣದ ಹಳಿಗಳು ಆ ಭಾರಕ್ಕೆ ಪಟಪಟನೆ ಮುರಿದವು. ಟ್ರೆವಿಥಿಕ್‌ನ ಆ ಎಂಜಿನ್ ಇಂದು ಎಲ್ಲಿಯೂ ಉಳಿದಿಲ್ಲ.

ಆಗ ಯೂರೋಪಿನಲ್ಲಿ ನೆಪೋಲಿಯನ್ನನ ಯುದ್ಧಗಳ ಕಾಲ. ಕುದುರೆಗಳು ಸೈನ್ಯಕ್ಕೆ ಹೋಗುತ್ತಿದ್ದವು, ಹುಲ್ಲು ಹುರುಳಿಯ ಬೆಲೆ ಏರುತ್ತಿತ್ತು. ಗಣಿಗಳಲ್ಲಿ ಮಾತ್ರ ಕಲ್ಲಿದ್ದಲು ಕಾಲಬುಡದಲ್ಲೇ ಬಿದ್ದಿತ್ತು. ಹೊಟ್ಟೆಗೆ ಹುಲ್ಲಿನ ಬದಲು ಕಲ್ಲಿದ್ದಲು ತಿನ್ನುವ ಕುದುರೆ ಸಿಕ್ಕರೆ ಸಾಕೆಂದು ಗಣಿ ಮಾಲೀಕರು ಹಂಬಲಿಸಿದ್ದು ಹೀಗೆ. ವೈಲಮ್ ಗಣಿಯ ಒಡೆಯ ಕ್ರಿಸ್ಟೋಫರ್ ಬ್ಲ್ಯಾಕೆಟ್ ತನ್ನ ಮೇಲ್ವಿಚಾರಕ ವಿಲಿಯಂ ಹೆಡ್ಲಿಗೆ ಆ ಕೆಲಸ ವಹಿಸಿದ. ನುಣುಪಾದ ಗಾಲಿ ನುಣುಪಾದ ಹಳಿಯ ಮೇಲೆ ಭಾರ ಎಳೆಯದೆ ಸುಮ್ಮನೆ ಜಾರುತ್ತದೆಯೇ ಎಂಬುದು ಆಗಿನ ದೊಡ್ಡ ಅನುಮಾನ. ಹೆಡ್ಲಿ ಒಂದು ಬಂಡಿಗೆ ಕೈಯಿಂದ ತಿರುಗಿಸುವ ಹಿಡಿಗಳನ್ನು ಜೋಡಿಸಿ, ಆಳುಗಳನ್ನು ಹತ್ತಿಸಿ ಅವರಿಂದ ತಿರುಗಿಸಿದ. ಬಂಡಿಯ ಭಾರ ಏರಿಸುತ್ತಾ, ಇಳಿಸುತ್ತಾ ಪರೀಕ್ಷಿಸಿದ. ಬಂಡಿಗೆ ಸಾಕಷ್ಟು ತೂಕವಿದ್ದರೆ ಗಾಲಿ ಜಾರುವುದಿಲ್ಲ ಎಂದು ಖಚಿತವಾಯಿತು. 1813-14ರಲ್ಲಿ ಹೆಡ್ಲಿ, ಗಣಿಯ ಎಂಜಿನ್ ಕೆಲಸಗಾರ ಜೊನಾಥನ್ ಫಾರ್ಸ್ಟರ್, ಕಮ್ಮಾರ ಹ್ಯಾಕ್‌ವರ್ತ್ ಸೇರಿ ಕಟ್ಟಿದ ಎಂಜಿನ್ನೇ ಪಫಿಂಗ್ ಬಿಲ್ಲಿ. ಉಸ್ಸೆಂದು ಉಸಿರುಬಿಡುವ ಬಿಲ್ಲಿ. ಜಗತ್ತಿನಲ್ಲಿ ಇಂದು ಉಳಿದಿರುವ ರೈಲು ಉಗಿ ಎಂಜಿನ್ನುಗಳಲ್ಲಿ ಇದೇ ಅತಿ ಹಳೆಯದು. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಬಿಲ್ಲಿಯ ಭಾರಕ್ಕೂ ವೈಲಮ್‌ನ ಹಳಿಗಳು ಮುರಿದವು. ಭಾರ ಹಂಚಲೆಂದು ನಾಲ್ಕು ಗಾಲಿಯ ಬಿಲ್ಲಿಗೆ ಎಂಟು ಗಾಲಿ ಹಾಕಿದರು. 1830ರ ಹೊತ್ತಿಗೆ ಗಟ್ಟಿ ಹಳಿ ಬಂದಾಗ ಮತ್ತೆ ನಾಲ್ಕಕ್ಕೇ ಇಳಿಸಿದರು. ಬಿಲ್ಲಿಯ ಒಡಹುಟ್ಟಿದ ವೈಲಮ್ ಡಿಲ್ಲಿಯ ಪಾಡು ಇನ್ನೂ ವಿಚಿತ್ರ. 1822ರಲ್ಲಿ ಟೈನ್ ನದಿಯ ದೋಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಡಿಲ್ಲಿಯನ್ನು ಹಳಿಯಿಂದ ಎತ್ತಿ ದೋಣಿಯೊಂದರ ಮೇಲೆ ಕೂರಿಸಿದರು. ಅದರ ಗಾಲಿ ತಿರುಗಿಸಬೇಕಿದ್ದ ಉಗಿ ದೋಣಿಯ ಚಕ್ರ ತಿರುಗಿಸಿ ಕಲ್ಲಿದ್ದಲ ದೋಣಿಗಳನ್ನು ಎಳೆಯಿತು. ಮುಷ್ಕರ ಮುಗಿದ ಮೇಲೆ ಡಿಲ್ಲಿ ಮತ್ತೆ ಹಳಿಗೆ ಬಂತು. ಈಗ ಅದು ಎಡಿನ್‌ಬರೊದ ವಸ್ತುಸಂಗ್ರಹಾಲಯದಲ್ಲಿದೆ.

ಹ್ಯಾಕ್‌ವರ್ತ್ ಅಷ್ಟರಲ್ಲಿ ವೈಲಮ್ ಬಿಟ್ಟಿದ್ದ. ಅವನು ಕಟ್ಟಾ ಮೆಥಡಿಸ್ಟ್ ಭಕ್ತ, ಭಾನುವಾರ ಸುತ್ತಿಗೆ ಮುಟ್ಟುವುದಿಲ್ಲ ಎಂದದ್ದಕ್ಕೆ ಕೆಲಸ ಹೋಯಿತು ಎನ್ನುತ್ತಾರೆ. ಸ್ಟೀಫನ್‌ಸನ್ ಕಿಲ್ಲಿಂಗ್‌ವರ್ತ್ ಗಣಿಯಲ್ಲಿ 1814ರಲ್ಲಿ ತನ್ನ ಮೊದಲ ಎಂಜಿನ್ ಬ್ಲೂಷರ್ ಕಟ್ಟಿದ. 1823ರಲ್ಲಿ ಮಗ ರಾಬರ್ಟನ ಹೆಸರಿನಲ್ಲಿ ನ್ಯೂಕ್ಯಾಸಲ್‌ನ ಫೋರ್ತ್ ಬೀದಿಯಲ್ಲಿ ಎಂಜಿನ್ ಕಾರ್ಖಾನೆ ತೆರೆದ. ರೈಲು ಎಂಜಿನ್ ಕಟ್ಟುವುದಕ್ಕೆಂದೇ ಹುಟ್ಟಿದ ಜಗತ್ತಿನ ಮೊದಲ ಕಾರ್ಖಾನೆ ಅದು. 1825ರ ಸೆಪ್ಟೆಂಬರ್ 27ರಂದು ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲುಹಾದಿ ತೆರೆಯಿತು. ಅದರ ಮೊದಲ ಗಾಡಿಗೆ ಲೋಕೋಮೋಶನ್ ಎಂಬ ಎಂಜಿನ್ನನ್ನು ಜೋಡಿಸಿದ್ದು ಶಿಲ್ಡನ್ನಿನಲ್ಲಿ. ಆ ಹಾದಿಯ ಎಂಜಿನ್ನುಗಳನ್ನೆಲ್ಲ ನೋಡಿಕೊಳ್ಳಲು ಸ್ಟೀಫನ್‌ಸನ್ನನ ಶಿಫಾರಸಿನ ಮೇಲೆಯೇ ಬಂದವನು ಹ್ಯಾಕ್‌ವರ್ತ್.

ಅವನ ಕೆಲಸ ಸುಖದ್ದಲ್ಲ. ಆ ಎಂಜಿನ್ನುಗಳು ಕೆಟ್ಟು ನಿಲ್ಲುತ್ತಿದ್ದವು, ಉಗಿ ಸಾಲದೆ ಏದುಸಿರು ಬಿಡುತ್ತಿದ್ದವು. 1828ರಲ್ಲಿ ಲೋಕೋಮೋಶನ್ನಿನ ಬಾಯ್ಲರ್ ಸಿಡಿದು ಅದರ ಚಾಲಕ ಸತ್ತ. ಮಾಲೀಕರಲ್ಲಿ ಕೆಲವರಿಗೆ ಇದಕ್ಕಿಂತ ಕುದುರೆಯೇ ವಾಸಿ ಎನಿಸತೊಡಗಿತ್ತು. 1827ರಲ್ಲಿ ಹ್ಯಾಕ್‌ವರ್ತ್ ಕಟ್ಟಿದ ಆರು ಗಾಲಿಯ ರಾಯಲ್ ಜಾರ್ಜ್ ಆ ಅನುಮಾನವನ್ನು ಬಹುಮಟ್ಟಿಗೆ ಕಳೆಯಿತು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಅದರಲ್ಲಿ ಕಿರಿದಾದ ಕೊಳವೆಯ ಮೂಲಕ ಚಿಮಣಿಯೊಳಕ್ಕೆ ಮೇಲ್ಮುಖವಾಗಿ ಬಿಡಲಾಗಿತ್ತು. ಆ ಉಗಿ ರಭಸದಿಂದ ಮೇಲೇರುವಾಗ ಹಿಂದಿನ ಹೊಗೆಯನ್ನು ಸೆಳೆದೊಯ್ಯುತ್ತದೆ; ಆ ಸೆಳೆತಕ್ಕೆ ಒಲೆಯೊಳಗೆ ಗಾಳಿ ನುಗ್ಗಿ ಬೆಂಕಿ ಧಗಧಗಿಸುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಬೆಂಕಿಗೆ ಹೆಚ್ಚು ಉಸಿರು. ತಿದಿಯೊತ್ತುವ ಕಮ್ಮಾರನಿಗಲ್ಲದೆ ಇನ್ಯಾರಿಗೆ ಇದರ ಬೆಲೆ ಅಷ್ಟು ಚೆನ್ನಾಗಿ ತಿಳಿದೀತು! ನಮ್ಮೂರ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಟ ಆಡುವಾಗ ಚುಕುಬುಕು ಎಂದು ಕೂಗುವುದು ಈ ಕೊಳವೆಯ ಸದ್ದನ್ನೇ. ಈ ಉಪಾಯ ಯಾರದೆಂಬ ಜಗಳ ಹಳೆಯದು. ಟ್ರೆವಿಥಿಕ್ ಇದನ್ನು ಮೊದಲೇ ಗಮನಿಸಿದ್ದ, ಸ್ಟೀಫನ್‌ಸನ್ನನೂ ಬಳಸಿದ್ದ. ಆದರೆ ಬೆಂಕಿಯನ್ನು ಉರಿಸಲೆಂದೇ ಅದನ್ನು ಪಳಗಿಸಿದ ಮನ್ನಣೆ ಹ್ಯಾಕ್‌ವರ್ತ್‌ಗೆ ಸಲ್ಲಬೇಕು ಎಂಬ ಕಡೆಗೇ ನನ್ನ ಒಲವು.

ಈಗ ಪಂದ್ಯಕ್ಕೆ ಬರೋಣ. ಲಿವರ್‌ಪೂಲ್ ಬಂದರಿಗೆ ಬಂದಿಳಿದ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹೋಗಬೇಕು, ಅಲ್ಲಿನ ಬಟ್ಟೆ ಬಂದರಿಗೆ ಮರಳಬೇಕು. ನಡುವಿನ ಕಾಲುವೆಗಳು ನಿಧಾನ, ಅವುಗಳ ಒಡೆಯರು ಕೇಳಿದಷ್ಟು ಬಾಡಿಗೆ ಕೊಡಬೇಕು. ಹಾಗಾಗಿ ಎರಡೂ ಊರುಗಳ ವ್ಯಾಪಾರಿಗಳು ಸೇರಿ ಮೂವತ್ತು ಮೈಲಿಗೂ ಮಿಕ್ಕಿದ ರೈಲುಹಾದಿ ಹೂಡಿದರು. ಜಾರ್ಜ್ ಸ್ಟೀಫನ್‌ಸನ್ ಅದರ ಎಂಜಿನಿಯರ್. ಚ್ಯಾಟ್ ಮಾಸ್ ಎಂಬ ಕೊನೆಯಿಲ್ಲದ ಜೌಗಿನ ಮೇಲೆ ಸೌದೆಯ ಹೊರೆಗಳನ್ನು ತೇಲಿಸಿ ಅವನು ಹಳಿ ಹಾಸಿದ. ಆದರೆ 1829ರಲ್ಲಿ, ಹಾದಿ ಮುಕ್ಕಾಲು ಮುಗಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು: ಗಾಡಿ ಎಳೆಯುವುದು ಯಾವುದು? ಹಾದಿಯುದ್ದಕ್ಕೂ ಅಲ್ಲಲ್ಲಿ ಎಂಜಿನ್ನುಗಳನ್ನು ನೆಟ್ಟು ಹಗ್ಗದಿಂದ ಎಳೆಸುವುದೇ ಕ್ಷೇಮ ಎಂದು ಕಂಪನಿ ಕರೆಸಿದ್ದ ಇಬ್ಬರು ತಜ್ಞರು, ಜೇಮ್ಸ್ ವಾಕರ್ ಮತ್ತು ಜಾನ್ ರಾಸ್ಟ್ರಿಕ್, ವರದಿ ಕೊಟ್ಟರು. ಸ್ಟೀಫನ್‌ಸನ್ ಒಪ್ಪಲಿಲ್ಲ. ನಿರ್ದೇಶಕರು ಕೊನೆಗೆ ಪಂದ್ಯ ಸಾರಿದರು. ಬಹುಮಾನ 500 ಪೌಂಡ್.

ಷರತ್ತುಗಳು ಸ್ಪಷ್ಟವಾಗಿದ್ದವು. ಎಂಜಿನ್ ಆರು ಟನ್ ಮೀರಬಾರದು. ನಾಲ್ಕೇ ಗಾಲಿಯಿದ್ದರೆ ನಾಲ್ಕೂವರೆ ಟನ್. ತನ್ನ ತೂಕದ ಮೂರರಷ್ಟನ್ನು ಗಂಟೆಗೆ ಹತ್ತು ಮೈಲಿಯಂತೆ ಎಳೆಯಬೇಕು. ಬೆಲೆ 550 ಪೌಂಡಿನೊಳಗಿರಬೇಕು. ಮತ್ತೊಂದು ಷರತ್ತು, ಎಂಜಿನ್ ತನ್ನ ಹೊಗೆಯನ್ನು ತಾನೇ ನುಂಗಬೇಕು, ಅಂದರೆ ಹೊಗೆ ಉಗುಳಬಾರದು. ರೈಲಿಗೆ ಹೊಗೆಬಂಡಿ ಎಂದು ಹೆಸರಿಟ್ಟ ನಮ್ಮ ಹಿರಿಯರು ನೆನಪಾಗುತ್ತಾರೆ. ಆ ಷರತ್ತಿಗಾಗಿಯೇ ಸ್ಪರ್ಧಿಗಳು ಕಲ್ಲಿದ್ದಲ ಬದಲು ಹೊಗೆ ಕಡಿಮೆ ಬಿಡುವ ಕೋಕ್ ಉರಿಸಿದರು.

ರಾಬರ್ಟ್ ಸ್ಟೀಫನ್‌ಸನ್‌ಗೆ ಆಗ ಇಪ್ಪತ್ತೈದು ವಯಸ್ಸು. ದಕ್ಷಿಣ ಅಮೆರಿಕದ ಗಣಿಗಳಲ್ಲಿ ಮೂರು ವರ್ಷ ಕಳೆದು 1827ರಲ್ಲಷ್ಟೇ ಮರಳಿದ್ದ. ಮರಳುವ ದಾರಿಯಲ್ಲಿ ಕಾರ್ಟಹೇನಾ ಬಂದರಿನಲ್ಲಿ ಅವನಿಗೆ ಕೈಯಲ್ಲಿ ಕಾಸಿಲ್ಲದ ಒಬ್ಬ ದೊಡ್ಡ ಆಳ್ತನದ ಇಂಗ್ಲಿಷ್ ಮನುಷ್ಯ ಸಿಕ್ಕಿದ. ಅವನು ರಿಚರ್ಡ್ ಟ್ರೆವಿಥಿಕ್. ಮೊದಲ ರೈಲು ಎಂಜಿನ್ ಓಡಿಸಿದವನು ಪೆರುವಿನ ಬೆಳ್ಳಿ ಗಣಿಗಳಲ್ಲಿ ಎಲ್ಲವನ್ನೂ ಕಳೆದುಕೊಂಡು, ಊರಿಗೆ ಮರಳಲು ದಾರಿ ಕಾಣದೆ ಅಲ್ಲಿ ಕೂತಿದ್ದ. ಹಡಗಿನ ಖರ್ಚಿಗೆಂದು ರಾಬರ್ಟ್ ಅವನಿಗೆ 50 ಪೌಂಡ್ ಕೊಟ್ಟ. ಎರಡು ವರ್ಷದ ಮೇಲೆ ರಾಕೆಟ್ ಕಟ್ಟಿದ್ದು ಅದೇ ಕೈ.

ರಾಕೆಟ್ಟಿನ ಗುಟ್ಟು ಅದರ ಹೊಟ್ಟೆಯಲ್ಲಿತ್ತು. ಹಳೆಯ ಮನೆಗಳ ಬಚ್ಚಲಲ್ಲಿದ್ದ ತಾಮ್ರದ ಬಾಯ್ಲರ್ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಡುವೆ ಒಂದು ಕೊಳವೆ, ಅದರೊಳಗೆ ಕೆಂಡ, ಸುತ್ತ ನೀರು. ಕೊಳವೆಯ ಮೈಗೆ ತಾಗಿದ ನೀರಷ್ಟೇ ನೇರವಾಗಿ ಕಾಯುವುದು. ಅದುವರೆಗಿನ ರೈಲು ಎಂಜಿನ್ನುಗಳೂ ಬಹುಪಾಲು ಹೀಗೇ ಇದ್ದವು. ಬಾಯ್ಲರಿನ ನಡುವೆ ಒಂದು ದಪ್ಪ ಕೊಳವೆ, ಅಥವಾ ಹ್ಯಾಕ್‌ವರ್ತ್‌ನದರಂತೆ ಹೋಗಿ ತಿರುಗಿ ಬರುವ ಕೊಳವೆ. ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಕಂಪನಿಯ ಖಜಾಂಚಿ ಹೆನ್ರಿ ಬೂತ್ ಒಂದು ಸಲಹೆ ಕೊಟ್ಟ. ಒಂದು ದಪ್ಪ ಕೊಳವೆಯ ಬದಲು ಹಲವು ಸಣ್ಣ ಕೊಳವೆ ಹಾಕಿ, ಬಿಸಿ ಗಾಳಿ ಅವೆಲ್ಲದರಲ್ಲೂ ಹರಿಯಲಿ. ಫ್ರಾನ್ಸಿನಲ್ಲಿ ಮಾರ್ಕ್ ಸೆಗ್ವೆಂ ಕೂಡ ಇದೇ ಉಪಾಯವನ್ನು ಬೇರೆಯಾಗಿ ಕಂಡುಕೊಂಡಿದ್ದ. ಆರು ಅಡಿ ಉದ್ದದ ರಾಕೆಟ್ಟಿನ ಬಾಯ್ಲರಿನಲ್ಲಿ ಮೂರು ಅಂಗುಲದ 25 ತಾಮ್ರದ ಕೊಳವೆಗಳನ್ನು ಕೂರಿಸಿದರು. ಹಿಂಬದಿಗೆ ನೀರಿನ ಗೋಡೆಗಳುಳ್ಳ ಬೇರೆಯೇ ಅಗ್ಗಿಷ್ಟಿಕೆ. ಒತ್ತಡ ಹಾಕಿ ಪರೀಕ್ಷಿಸಿದಾಗ ಬಾಯ್ಲರಿನ ತುದಿಯ ತಗಡು ಉಬ್ಬಿತು. ಒಳಗಿನಿಂದ ಕಂಬಿಗಳನ್ನು ಬಿಗಿದು ಸರಿಪಡಿಸಿದರು. ಆ ಕೆಲಸದ ಏಳುಬೀಳುಗಳನ್ನು ರಾಬರ್ಟ್ ಬೂತ್‌ಗೆ ಬರೆದ ಪತ್ರಗಳು ಹೇಳುತ್ತವೆ. ಎಂಜಿನ್ ಸಿದ್ಧವಾದ ಮೇಲೆ ಬಿಡಿಬಿಡಿಯಾಗಿ ಬಿಚ್ಚಿ, ಬಂಡಿಗಳಲ್ಲಿ ಕಾರ್ಲೈಲ್‌ಗೆ ಸಾಗಿಸಿ, ಅಲ್ಲಿಂದ ಜಲಮಾರ್ಗವಾಗಿ ಲಿವರ್‌ಪೂಲ್ ಮುಟ್ಟಿಸಿದರು.

ಶಿಲ್ಡನ್ನಿನಲ್ಲಿ ಹ್ಯಾಕ್‌ವರ್ತ್‌ಗೆ ಈ ಅನುಕೂಲಗಳಿರಲಿಲ್ಲ. ಹಗಲಿಡೀ ಸ್ಟಾಕ್ಟನ್-ಡಾರ್ಲಿಂಗ್ಟನ್ ಕಂಪನಿಯ ಎಂಜಿನ್ನುಗಳ ರಿಪೇರಿ. ಸಾನ್ಸ್ ಪರೇಲ್ ಅವನ ಸ್ವಂತ ಸಾಹಸ, ಉಳಿದ ಹೊತ್ತಿನ ಕೆಲಸ. ಸಿಲಿಂಡರುಗಳನ್ನು ಎರಕ ಹೊಯ್ಯುವ ಸೌಕರ್ಯ ತನ್ನಲ್ಲಿಲ್ಲದೆ ಅವನ್ನು ಮಾಡಿಸಿಕೊಂಡದ್ದು ಎಲ್ಲಿ ಗೊತ್ತೇ? ಪ್ರತಿಸ್ಪರ್ಧಿಯ ಕಾರ್ಖಾನೆಯಲ್ಲೇ, ನ್ಯೂಕ್ಯಾಸಲ್‌ನ ರಾಬರ್ಟ್ ಸ್ಟೀಫನ್‌ಸನ್ ಕಂಪನಿಯಲ್ಲಿ.

1829ರ ಅಕ್ಟೋಬರ್ 6. ಲಿವರ್‌ಪೂಲಿನಿಂದ ಒಂಬತ್ತು ಮೈಲಿ ಆಚೆಯ ರೈನ್‌ಹಿಲ್ ಎಂಬಲ್ಲಿ ಸಮತಟ್ಟಾದ ಒಂದೂಮುಕ್ಕಾಲು ಮೈಲಿಯ ಹಳಿ. ಸುತ್ತ ಜಾತ್ರೆಯ ಹಾಗೆ ಹತ್ತು ಸಾವಿರಕ್ಕೂ ಮೀರಿದ ಜನ. ತೀರ್ಪುಗಾರರು ಮೂವರು: ಹಗ್ಗದ ಪರ ವರದಿ ಬರೆದಿದ್ದ ರಾಸ್ಟ್ರಿಕ್, ಕಿಲ್ಲಿಂಗ್‌ವರ್ತ್‌ನ ನಿಕೊಲಸ್ ವುಡ್, ಮ್ಯಾಂಚೆಸ್ಟರಿನ ಗಿರಣಿ ಮಾಲೀಕ ಜಾನ್ ಕೆನಡಿ. ಹತ್ತು ಹೆಸರು ನೋಂದಾಯಿಸಿದ್ದರೂ ಬಂದವು ಐದೇ. ಅವುಗಳಲ್ಲಿ ಸೈಕ್ಲೊಪೆಡ್ ಎಂಬುದಕ್ಕೆ ಉಗಿಯೇ ಇರಲಿಲ್ಲ. ಗಾಡಿಯೊಳಗಿನ ಪಟ್ಟಿಯ ಮೇಲೆ ಕುದುರೆ ನಡೆಯಬೇಕು. ಕುದುರೆ ಹಲಗೆ ಮುರಿದು ಕೆಳಗಿಳಿಯಿತು, ಅದರ ಆಟ ಅಲ್ಲಿಗೆ ಮುಗಿಯಿತು. ಪರ್ಸಿವಿಯರೆನ್ಸ್ ದಾರಿಯಲ್ಲೇ ಬಂಡಿಯಿಂದ ಬಿದ್ದು ಜಖಂಗೊಂಡಿತ್ತು. ರಿಪೇರಿಯಾಗಿ ಬಂದರೂ ಆರು ಮೈಲಿ ವೇಗ ದಾಟಲಿಲ್ಲ. ಉಳಿದವು ಮೂರು.

ಜನರ ಕಣ್ಮಣಿ ನಾವೆಲ್ಟಿ. ಲಂಡನ್ನಿನಲ್ಲಿ ಜಾನ್ ಬ್ರೇತ್‌ವೇಟ್ ಮತ್ತು ಸ್ವೀಡನ್ನಿನ ಜಾನ್ ಎರಿಕ್‌ಸನ್ ಕೆಲವೇ ವಾರಗಳಲ್ಲಿ ಕಟ್ಟಿದ ಹಗುರ ಎಂಜಿನ್, ತಾಮ್ರದ ಹೊಳಪು, ಸಾರೋಟಿನ ಚೆಲುವು. ಮೊದಲ ದಿನ ಬರಿಗೈಯಲ್ಲಿ ಗಂಟೆಗೆ 28 ಮೈಲಿ ಓಡಿತು. ಅಷ್ಟು ವೇಗದಲ್ಲಿ ಚಲಿಸುವ ಯಂತ್ರವನ್ನು ಅಲ್ಲಿದ್ದವರಾರೂ ಅದುವರೆಗೆ ಕಂಡಿರಲಿಲ್ಲ.

ನಿಜವಾದ ಪರೀಕ್ಷೆ ಬೇರೆ. ಭಾರ ಕಟ್ಟಿಕೊಂಡು ಆ ತುಂಡು ಹಳಿಯ ಮೇಲೆ ಹತ್ತು ಸಲ ಹೋಗಿ ಬರಬೇಕು. ಅದು ಹೆಚ್ಚುಕಡಿಮೆ ಲಿವರ್‌ಪೂಲಿನಿಂದ ಮ್ಯಾಂಚೆಸ್ಟರ್‌ವರೆಗಿನ ದೂರ. ನೀರು, ಕೋಕ್ ತುಂಬಿಕೊಂಡು ಮತ್ತೆ ಹತ್ತು ಸಲ. ಅದು ಮರಳಿ ಬಂದ ಲೆಕ್ಕ. ಅಕ್ಟೋಬರ್ 8ರಂದು ರಾಕೆಟ್ ಹೊರಟಿತು. ಎಂಜಿನ್ನಿನ ತೂಕ ನಾಲ್ಕೂಕಾಲು ಟನ್, ಹಿಂದೆ ಹನ್ನೆರಡೂಮುಕ್ಕಾಲು ಟನ್ ಭಾರ. ಇಪ್ಪತ್ತು ಸುತ್ತೂ ಮುಗಿಸಿತು. ಎಲ್ಲಿಯೂ ಕೆಟ್ಟು ನಿಲ್ಲಲಿಲ್ಲ. ಬೇಕಿದ್ದದ್ದು ಹತ್ತು ಮೈಲಿ. ಅದು ಸರಾಸರಿ ಹನ್ನೆರಡು ಮೈಲಿಗೂ ಮೇಲೆ ಓಡಿತು, ಕೊನೆಯ ಓಟದಲ್ಲಿ 29 ಮೈಲಿ ಮುಟ್ಟಿತು.

ನಾವೆಲ್ಟಿಯ ಕೊಳವೆಗಳು ಒಂದಾದ ಮೇಲೊಂದು ಕೈಕೊಟ್ಟವು, ಅದು ಹಿಂದೆ ಸರಿಯಿತು. ಸಾನ್ಸ್ ಪರೇಲ್ ತೂಗಿದರೆ ನಾಲ್ಕೂಮುಕ್ಕಾಲು ಟನ್ನಿಗೂ ಹೆಚ್ಚು. ಅಂದರೆ ನಿಯಮದ ಪ್ರಕಾರ ಆಗಲೇ ಹೊರಗೆ. ಆದರೂ ಓಡಿಸಿ ನೋಡೋಣ ಎಂದರು ತೀರ್ಪುಗಾರರು. ಅಕ್ಟೋಬರ್ 13ರಂದು ಅದು ಹೊರಟಿತು. ಚಿಮಣಿಯ ಸೆಳೆತ ಎಷ್ಟು ಬಿರುಸೆಂದರೆ ಉರಿಯುವ ಕೋಕ್ ತುಂಡುಗಳು ಚಿಮಣಿಯಿಂದ ಹಾರಿ ಹೋಗುತ್ತಿದ್ದವು. ವೇಗಕ್ಕೇನೂ ಕೊರತೆಯಿರಲಿಲ್ಲ, ಗಂಟೆಗೆ ಹದಿನಾಲ್ಕು ಮೈಲಿಯ ಹತ್ತಿರ. ಎಂಟನೆಯ ಸುತ್ತಿನ ಹೊತ್ತಿಗೆ ನೀರು ಒತ್ತುವ ಪಂಪು ನಿಂತಿತು. ಬಾಯ್ಲರಿನ ನೀರು ಇಳಿಯಿತು, ಅಪಾಯ ತಡೆಯಲೆಂದು ಇಟ್ಟಿದ್ದ ಸೀಸದ ಬಿರಡೆ ಕರಗಿತು, ಉಗಿ ಬೆಂಕಿಯ ಮೇಲೆ ಸುರಿಯಿತು. ಆಮೇಲೆ ನೋಡಿದರೆ ಒಂದು ಸಿಲಿಂಡರ್ ಬಿರುಕು ಬಿಟ್ಟಿತ್ತು. ಎರಕದಲ್ಲಿ ಒಂದು ಕಡೆ ಗೋಡೆ ತೀರ ತೆಳುವಾಗಿತ್ತು.

ಆ ಸಿಲಿಂಡರ್ ಬಂದದ್ದು ಸ್ಟೀಫನ್‌ಸನ್ ಕಾರ್ಖಾನೆಯಿಂದ. ಹ್ಯಾಕ್‌ವರ್ತ್‌ನ ವಂಶಸ್ಥರು ಇದನ್ನು ಮರೆಯಲೂ ಇಲ್ಲ, ಕ್ಷಮಿಸಲೂ ಇಲ್ಲ. ಬೇಕೆಂದೇ ಕೆಟ್ಟ ಎರಕ ಕೊಟ್ಟರೆಂಬ ಮಾತನ್ನು ನಾನು ನಂಬುವುದಿಲ್ಲ. ಆ ಕಾಲದ ಎರಕದಲ್ಲಿ ಇಂಥ ದೋಷ ಅಪರೂಪವಲ್ಲ. ತೂಕ ಹೆಚ್ಚಾಗಿದ್ದಕ್ಕೆ, ಪಂಪು ಕೆಟ್ಟದ್ದಕ್ಕೆ ಸಿಲಿಂಡರ್ ಕಾರಣವೂ ಅಲ್ಲ. ಆದರೂ ಹಗಲೆಲ್ಲ ಕಂಪನಿಗೆ ದುಡಿದು, ಉಳಿದ ಹೊತ್ತಿನಲ್ಲಿ ತನ್ನ ದುಡ್ಡಿನಿಂದ ಕಟ್ಟಿದ ಯಂತ್ರ ಸಾವಿರಾರು ಜನರೆದುರು ಹೀಗೆ ನಿಂತಾಗ ಆ ಕಮ್ಮಾರನ ಮಗನಿಗೆ ಹೇಗಾಗಿರಬಹುದೆಂದು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ.

ಮುಂದಿನ ವರ್ಷ, 1830ರ ಸೆಪ್ಟೆಂಬರ್ 15ರಂದು, ಹಾದಿಯ ಉದ್ಘಾಟನೆ. ಪ್ರಧಾನಿ ವೆಲ್ಲಿಂಗ್ಟನ್ ಕೂತಿದ್ದ ಗಾಡಿಯನ್ನು ಎಳೆದದ್ದು ನಾರ್ತಂಬ್ರಿಯನ್ ಎಂಜಿನ್. ಪಾರ್ಕ್‌ಸೈಡ್ ಎಂಬಲ್ಲಿ ನೀರು ತುಂಬಲು ನಿಂತಾಗ ಹಲವರು ಕೆಳಗಿಳಿದರು. ಲಿವರ್‌ಪೂಲಿನ ಸಂಸದ ವಿಲಿಯಂ ಹಸ್ಕಿಸನ್, ತನ್ನೊಡನೆ ಮುನಿಸಿದ್ದ ಪ್ರಧಾನಿಯ ಕೈಕುಲುಕಲು ಹೋದ. ಪಕ್ಕದ ಹಳಿಯಲ್ಲಿ ರಾಕೆಟ್ ಬರುತ್ತಿತ್ತು. ಓಡುವವರು ಓಡಿದರು, ಹಸ್ಕಿಸನ್ ಗಾಬರಿಯಲ್ಲಿ ಗಾಡಿಯ ಬಾಗಿಲು ಹಿಡಿದ, ಬಾಗಿಲು ತೆರೆದುಕೊಂಡು ಅವನನ್ನು ರಾಕೆಟ್ಟಿನ ದಾರಿಗೇ ತಂದಿತು. ಜಜ್ಜಿದ ಕಾಲಿನ ಅವನನ್ನು ನಾರ್ತಂಬ್ರಿಯನ್‌ನಲ್ಲಿ ಮಲಗಿಸಿ ಜಾರ್ಜ್ ಸ್ಟೀಫನ್‌ಸನ್ ತಾನೇ ಎಂಜಿನ್ ಓಡಿಸಿದ. ಹದಿನೈದು ಮೈಲಿ ಇಪ್ಪತ್ತೈದು ನಿಮಿಷದಲ್ಲಿ. ಆ ರಾತ್ರಿ ಹಸ್ಕಿಸನ್ ತೀರಿಕೊಂಡ. ಇಂದು ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಸುತ್ತುವರಿದು ನೋಡುವ ಗಾಲಿಗಳಿಗೆ ಈ ನೆನಪೂ ಅಂಟಿಕೊಂಡಿದೆ.

ರಾಕೆಟ್ಟಿನ ವೈಭವ ಬಹಳ ದಿನ ನಡೆಯಲಿಲ್ಲ. ಅದೇ ಕಾರ್ಖಾನೆಯ ನಾರ್ತಂಬ್ರಿಯನ್ ಮತ್ತು ಪ್ಲಾನೆಟ್ ಎಂಜಿನ್ನುಗಳು ವರ್ಷ ತುಂಬುವುದರೊಳಗೆ ಅದನ್ನು ಹಳತಾಗಿಸಿದವು. ವಾಲಿದ ಸಿಲಿಂಡರುಗಳಿಂದ ಓಡುವಾಗ ಎಂಜಿನ್ ಕುಲುಕಾಡುತ್ತಿತ್ತೆಂದು ಅವುಗಳನ್ನು ಕೆಳಗಿಳಿಸಿದರು, ಮುಂದೆ ಹೊಗೆಪೆಟ್ಟಿಗೆ ಸೇರಿಸಿದರು. 1836ರಲ್ಲಿ 300 ಪೌಂಡಿಗೆ ಕಾರ್ಲೈಲ್ ಪ್ರಭುವಿನ ಕಲ್ಲಿದ್ದಲ ಹಾದಿಗೆ ಮಾರಿದರು. ಅಲ್ಲಿ 1840ರ ಸುಮಾರಿನವರೆಗೆ ಕಲ್ಲಿದ್ದಲು ಎಳೆದು, ಆಮೇಲೆ ಶೆಡ್ಡಿನಲ್ಲಿ ಬಿದ್ದಿತ್ತು.

ಸೋತ ಸಾನ್ಸ್ ಪರೇಲ್‌ನ ಬಾಳು ಇದಕ್ಕಿಂತ ದೀರ್ಘ. ಲಿವರ್‌ಪೂಲ್-ಮ್ಯಾಂಚೆಸ್ಟರ್ ಕಂಪನಿಯೇ ಅದನ್ನು ಕೊಂಡು ಬೋಲ್ಟನ್-ಲೀ ಹಾದಿಗೆ ಕೊಟ್ಟಿತು. 1844ರವರೆಗೆ ಅಲ್ಲಿ ಗಾಡಿ ಎಳೆಯಿತು. ಆಮೇಲೆ ಲ್ಯಾಂಕಶೈರಿನ ಕೊಪ್ಪಲ್ ಎಂಬ ಊರಿನ ಗಣಿಯವರು ಅದನ್ನು ಒಂದು ಕಡೆ ಕೂರಿಸಿ, ಗಣಿಕೆಲಸಕ್ಕೆ ನೆಲಯಂತ್ರವಾಗಿ ಬಳಸಿದರು. 1863ರವರೆಗೆ ಅದು ಅಲ್ಲಿ ದುಡಿಯುತ್ತಲೇ ಇತ್ತು. ಎಂಟು ಸುತ್ತಿಗೆ ನಿಂತ ಯಂತ್ರ ಮೂವತ್ತನಾಲ್ಕು ವರ್ಷ ಬದುಕಿತು. ಪಫಿಂಗ್ ಬಿಲ್ಲಿಯಂತೂ ವೈಲಮ್‌ನಲ್ಲಿ 1862ರವರೆಗೆ, ಸುಮಾರು ನಲವತ್ತೆಂಟು ವರ್ಷ, ಅದೇ ದಾರಿಯಲ್ಲಿ ಕಲ್ಲಿದ್ದಲು ಎಳೆಯಿತು.

ಗಣಿಗಳ ಪಾಲಾದದ್ದೇ ಇವು ಉಳಿದದ್ದಕ್ಕೆ ಮೊದಲ ಕಾರಣ ಎಂದು ನನಗೆ ತೋರುತ್ತದೆ. ದೊಡ್ಡ ಹಾದಿಗಳಲ್ಲಿ ಹಳೆಯ ಎಂಜಿನ್ ಎಂದರೆ ಕುಲುಮೆಗೆ ಹೋಗುವ ಗುಜರಿ. ಮೂಲೆಯ ಗಣಿಗಳಲ್ಲಿ ಹೊಸದು ಕೊಳ್ಳುವ ತುರ್ತು ಇರಲಿಲ್ಲ. ಇದ್ದುದನ್ನು ಕಟ್ಟಿ, ತೇಪೆ ಹಾಕಿ, ಓಡುವಷ್ಟು ದಿನ ಓಡಿಸಿದರು. ಎರಡನೆಯ ಕಾರಣ ಬೆನೆಟ್ ವುಡ್‌ಕ್ರಾಫ್ಟ್ ಎಂಬ ಒಬ್ಬ ಮನುಷ್ಯ. ತಾನೂ ಸಂಶೋಧಕ, ಹಡಗಿನ ತಿರುಪುಗಾಲಿಯ ಸುಧಾರಣೆಗೆ ಪೇಟೆಂಟ್ ಪಡೆದವನು. ಪೇಟೆಂಟ್ ಕಚೇರಿಗೆ ಬಂದವನೇ 1617ರಿಂದ ದಾಖಲಾಗಿದ್ದ ಇಂಗ್ಲೆಂಡಿನ ಪೇಟೆಂಟುಗಳನ್ನೆಲ್ಲ ಹುಡುಕಿ ಸೂಚಿ ಮಾಡಿ ಅಚ್ಚು ಹಾಕಿಸಿದ. ಕಾಗದದ ಮೇಲಿನ ಯಂತ್ರಗಳಷ್ಟೇ ಸಾಲದು, ನಿಜವಾದವೂ ಬೇಕೆಂದು 1857ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ಪೇಟೆಂಟ್ ಕಚೇರಿಯ ಸಂಗ್ರಹಾಲಯ ತೆರೆಸಿದ. ಗಣಿಗಳ ಶೆಡ್ಡುಗಳಲ್ಲಿ ಏನು ಬಿದ್ದಿದೆಯೆಂದು ವಿಚಾರಿಸುತ್ತಲೇ ಇದ್ದ. 1862ರಲ್ಲಿ ಪಫಿಂಗ್ ಬಿಲ್ಲಿ ಬಂತು, ಮೊದಲು ಎರವಲು, ಆಮೇಲೆ 200 ಪೌಂಡಿಗೆ. ಅದೇ ವರ್ಷ ರಾಕೆಟ್ ದಾನವಾಗಿ ಬಂತು. ಬೋಲ್ಟನ್ನಿನ ಎಂಜಿನಿಯರ್ ಜಾನ್ ಹಿಕ್, ಕೊಪ್ಪಲ್ ಗಣಿಯಿಂದ ಬಿಚ್ಚಿದ ಸಾನ್ಸ್ ಪರೇಲನ್ನು ಸರಿಪಡಿಸಿ 1864ರಲ್ಲಿ ಕೊಟ್ಟ. ಮೂರನ್ನೂ ಒಂದೇ ಸೂರಿನಡಿ ತಂದ ವುಡ್‌ಕ್ರಾಫ್ಟ್‌ನ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಅವನ ಸಂಗ್ರಹವೇ ಮುಂದೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಒಂದು ಬುನಾದಿಯಾಯಿತು.

ರಾಕೆಟ್ಟಿನ ಕೊಳವೆ ಬಾಯ್ಲರು, ಚಿಮಣಿಯ ಉಸಿರು, ಗಾಲಿಗೆ ನೇರ ಜೋಡಿಸಿದ ಪಿಸ್ಟನ್: ಈ ಮೂರರ ಕೂಟ ಉಗಿಯ ಕಾಲ ಮುಗಿಯುವವರೆಗೂ ಬದಲಾಗಲಿಲ್ಲ. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಹೊರಟ ಮೊದಲ ರೈಲನ್ನು ಎಳೆದ ಎಂಜಿನ್ನುಗಳು ವಲ್ಕನ್ ಫೌಂಡ್ರಿಯಲ್ಲಿ ಕಟ್ಟಿದವು. ಆ ಕಾರ್ಖಾನೆ ಇದ್ದದ್ದು ಅದೇ ಲಿವರ್‌ಪೂಲ್-ಮ್ಯಾಂಚೆಸ್ಟರ್ ಹಾದಿಯ ನ್ಯೂಟನ್-ಲೆ-ವಿಲ್ಲೋಸ್‌ನಲ್ಲಿ. ಶುರುವಿನ ವರ್ಷಗಳಲ್ಲಿ ರಾಬರ್ಟ್ ಸ್ಟೀಫನ್‌ಸನ್ ಅದರ ಪಾಲುದಾರ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಉಗಿಬಂಡಿಯ ಎಂಜಿನ್ನಿನ ಹೊಟ್ಟೆಯಲ್ಲೂ ಇದೇ ಏರ್ಪಾಡು. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ನಿಂತ ಎಂಜಿನ್ನುಗಳ ಮುಂಭಾಗದ ದುಂಡು ಬಾಗಿಲು ತೆರೆದರೆ ಸಿಗುವುದೂ ಆ ಹೊಗೆಪೆಟ್ಟಿಗೆಯೇ. ಅದರ ಹಿಂದೆ ಜೇನುಗೂಡಿನ ಹಾಗೆ ಕೊಳವೆಗಳ ಬಾಯಿ, ನಡುವೆ ಉಗಿ ಉಸಿರಿಡುವ ಕೊಳವೆ.

ಹಾಗಾದರೆ ರೈನ್‌ಹಿಲ್ ಪಂದ್ಯದ ತೀರ್ಪು ಸರಿಯೇ? 2002ರಲ್ಲಿ ವೇಲ್ಸಿನ ಲಾಂಗೊಥ್ಲೆನ್ ರೈಲುಹಾದಿಯಲ್ಲಿ ಅಲ್ಲಿ ಸೆಣಸಿದ್ದ ಮೂರು ಎಂಜಿನ್ನುಗಳ ತದ್ರೂಪುಗಳನ್ನು ಮತ್ತೆ ಪಂದ್ಯಕ್ಕಿಳಿಸಿದರು. ನಾವೆಲ್ಟಿ ಹತ್ತು ಸುತ್ತಿಗೆ ನಿಂತಿತು. ಒಲೆಯಲ್ಲಿ ಬೂದಿ ಕರಗಿ ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚಿತ್ತು. ಸಾನ್ಸ್ ಪರೇಲ್ ಹನ್ನೊಂದು ಸುತ್ತು ಓಡಿತು. ರಾಕೆಟ್ಟೇ ಗೆದ್ದಿತು. ಒಡೆದ ಸಿಲಿಂಡರಿನ ಹಳೆಯ ಕಹಿ ಆ ದಿನ ಬಹುಪಾಲು ತೀರಿತು ಎನ್ನಬೇಕು.

ಆ ಪಂದ್ಯದಲ್ಲಿ ಓಡಿದ ಸಾನ್ಸ್ ಪರೇಲ್ ತದ್ರೂಪನ್ನು ಕಟ್ಟಿದ್ದು ಶಿಲ್ಡನ್ನಿನಲ್ಲೇ. ರೈನ್‌ಹಿಲ್‌ನ ನೂರೈವತ್ತನೆಯ ವರ್ಷದ ಮೆರವಣಿಗೆಗಾಗಿ, 1980ರ ಹೊತ್ತಿಗೆ, ಊರಿನ ರೈಲು ಡಬ್ಬಿಗಳ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ಅಪ್ರೆಂಟಿಸ್ ಹುಡುಗರು ಅದನ್ನು ಒಂದೊಂದು ತುಂಡಾಗಿ ಮಾಡಿ ಜೋಡಿಸಿದರು. ನಾಲ್ಕು ವರ್ಷಗಳ ಮೇಲೆ, 1984ರಲ್ಲಿ, ಆ ಕಾರ್ಖಾನೆ ಮುಚ್ಚಿತು. ಎರಡು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಹುಡುಗರು ಕಟ್ಟಿದ ಎಂಜಿನ್ ಊರಿನಲ್ಲಿ ಉಳಿಯಿತು. ಹ್ಯಾಕ್‌ವರ್ತ್ ಕಟ್ಟಿದ್ದೂ ಅಲ್ಲಿದೆ.